ಬೋಲೆಕ್ಸ್ ಎಚ್16 ರಿಫ್ಲೆಕ್ಸ್: ಫ್ರೇಮಿನ ಒಂದು ಬದಿಯಿಂದ ಬಿಳಿ ಫ್ಲೇರ್ ಬರ್ತಿದೆ, ಲೆನ್ಸಾ ಬಾಡಿನಾ?

ರಂಗನತಿಟ್ಟು_16ಎಂಎಂ
ನಮಸ್ಕಾರ ಎಲ್ರಿಗೂ. ಹೋದ್ವರ್ಷ ಒಂದು ಸೆಕೆಂಡ್ ಹ್ಯಾಂಡ್ ಬೋಲೆಕ್ಸ್ ಎಚ್16 ರಿಫ್ಲೆಕ್ಸ್ (ಸ್ಪ್ರಿಂಗ್ ಸುತ್ತಿ ಓಡಿಸೋ 16 ಎಂಎಂ ಫಿಲ್ಮ್ ಕ್ಯಾಮೆರಾ) ತಗೊಂಡೆ, ಮೂರು ಲೆನ್ಸಿನ ಟರೆಟ್ (ಲೆನ್ಸ್ ಕೂರಿಸೋ ತಿರುಗೋ ತಟ್ಟೆ) ಇರೋದು, ಜೊತೆಗೆ ಕರ್ನ್ ಸ್ವಿಟಾರ್ 25 ಮತ್ತು 10 ಎಂಎಂ ಲೆನ್ಸ್ ಬಂತು, ಎರಡ್ರ ಮೇಲೂ ಆರ್‌ಎಕ್ಸ್ (ರಿಫ್ಲೆಕ್ಸ್ ಬಾಡಿಗೆ ಮಾಡಿದ್ದು) ಅಂತ ಇದೆ. ಮೂರನೇ ತೂತಿಗೆ ಲೋಹದ ಪ್ಲಗ್ ಹಾಕಿದೆ. ಸ್ಪ್ರಿಂಗ್ ಗಟ್ಟಿ ಇದೆ, ಸ್ಪೀಡೂ ಸರಿ ಇದೆ. ಕಾವೇರಿ ದಡದಲ್ಲಿ ಫ್ರೆಂಡ್ಸ್ ಸೇರ್ಕೊಂಡು ಒಂದು ಕಿರುಚಿತ್ರ ಶೂಟ್ ಮಾಡಿದ್ವಿ, 100 ಅಡಿ ಸ್ಪೂಲ್‌ಗಳು, ಹೆಚ್ಚಿನದು ಕೊಡಾಕ್ 250ಡಿ (ಹಗಲು ಬೆಳಕಿನ ಫಿಲ್ಮ್), ಸಂಜೆ ಶಾಟ್‌ಗಳು 500ಟಿ (ಟಂಗ್‌ಸ್ಟನ್ ಬಲ್ಬ್ ಬೆಳಕಿಗೆ ಮಾಡಿದ, ಇನ್ನೂ ಫಾಸ್ಟ್ ಫಿಲ್ಮ್), ಅದಕ್ಕೆ ಲೆನ್ಸ್ ಮುಂದೆ ಕಿತ್ತಳೆ ಬಣ್ಣದ 85 ಫಿಲ್ಟರ್ ಹಾಕಿದ್ವಿ.

ಸ್ಕ್ಯಾನ್ ಬಂತು. ಕೆಲವು ಶಾಟ್ ನೋಡಿದ್ರೆ ಖುಷಿ ಆಗತ್ತೆ, ಕೆಲವಲ್ಲಿ ಮಾತ್ರ ಫ್ರೇಮಿನ ಒಂದು ಬದಿಯಿಂದ ಬಿಳಿ ಬೆಳಕು ಒಳಗೆ ಹರಿದು ಬಂದಂಗೆ ಕಾಣತ್ತೆ, ಆ ಕಡೆ ಕಪ್ಪು ಅನ್ನೋದೇ ಇಲ್ಲ ಎಲ್ಲ ಬೂದಿ ಬಣ್ಣ, ಕಾಂಟ್ರಾಸ್ಟ್ ಹೊರಟೋಗಿದೆ. ಒಂದು ಪ್ಯಾನ್ ಶಾಟ್ ಇದೆ, ಶುರುವಲ್ಲಿ ಫ್ಲೇರ್ ಇದೆ, ಕ್ಯಾಮೆರಾ ತಿರುಗ್ತಾ ತಿರುಗ್ತಾ ಮಾಯ ಆಗತ್ತೆ, ಕೊನೇಲಿ ಮತ್ತೆ ಸ್ವಲ್ಪ ಬರತ್ತೆ. ತಮಾಷೆ ಏನಂದ್ರೆ ಆ ಶಾಟ್‌ನಲ್ಲಿ ಸೂರ್ಯ ಮುಂದೆ ಇರ್ಲೇ ಇಲ್ಲ, ಪಕ್ಕದಲ್ಲಿದ್ದ, ಲೆನ್ಸ್‌ಗೆ ಹುಡ್ ಕೂಡ ಇತ್ತು. ಲ್ಯಾಬ್‌ನವ್ರು ಕ್ಯಾಮೆರಾ ತೊಂದ್ರೆ ಅಂತಾರೆ, ಕ್ಯಾಮೆರಾ ಮಾರಿದವ್ರು ಲ್ಯಾಬ್ ತೊಂದ್ರೆ ಅಂತಾರೆ. ಎಲ್ಲಿಂದ ಹುಡುಕ್ಲಿ?

ಕುಂದಾಪ್ರ_ಕ್ಲಿಕ್ಸ್
ಮೊದ್ಲು ಲೆನ್ಸ್‌ನಲ್ಲಿ ಫಂಗಸ್ ಉಂಟಾ ನೋಡಿ ಮಾರಾಯ್ರೆ. ನಮ್ಮ ಕಡೆ ಒಂದು ಮಳೆಗಾಲ ಕಬೋರ್ಡ್‌ನಲ್ಲಿ ಇಟ್ರೆ ಸಾಕು, ಗಾಜಿನ ಒಳಗೆ ಬಲೆ ಕಟ್ಟಿದ ಹಾಗೆ ಆಗ್ತದೆ. ಕತ್ತಲೆ ರೂಮಲ್ಲಿ ಅಪರ್ಚರ್ ಪೂರ್ತಿ ತೆಗೆದು ಹಿಂದಿನಿಂದ ಟಾರ್ಚ್ ಹಾಕಿ ಓರೆಯಾಗಿ ನೋಡಿ, ಮಬ್ಬು ಪೊರೆ ಇದ್ರೆ ಗೊತ್ತಾಗ್ತದೆ. ಹಳೇ ಲೆನ್ಸ್‌ಗಳ ಕೋಟಿಂಗ್ ಇವತ್ತಿನಷ್ಟು ಒಳ್ಳೇದಿಲ್ಲ, ಬೆಳಕು ಓರೆಯಲ್ಲಿ ಬಿದ್ರೂ ಮಸುಕು ಮಾಡ್ತದೆ.

ಮಿಶಿಗನ್_ಮೈಸೂರಿಗ
ಫಿಲ್ಮ್ ಏನಾದ್ರೂ ಫ್ಲೈಟ್‌ನಲ್ಲಿ ಬಂದಿತ್ತಾ? ಈಗ ತುಂಬಾ ಏರ್‌ಪೋರ್ಟ್‌ಗಳಲ್ಲಿ ಕೈಚೀಲಕ್ಕೂ ಸಿಟಿ ಸ್ಕ್ಯಾನರ್ ಬಂದಿದೆ, ಹಳೇ ಎಕ್ಸ್‌ರೇ ಮಷೀನ್‌ಗಿಂತ ಅದು ಫಿಲ್ಮ್‌ಗೆ ಜಾಸ್ತಿ ಹೊಡೆತ, ಅದರಲ್ಲೂ 500ಟಿ ಥರ ಫಾಸ್ಟ್ ಸ್ಟಾಕ್‌ಗೆ. ನಾನಂತೂ ಊರಿಗೆ ಬರುವಾಗ ಕೈಯಲ್ಲಿ ಚೆಕ್ ಮಾಡಿ ಅಂತ ಕೇಳ್ಕೊಂಡು ಕ್ಯೂನಲ್ಲಿ ಎಲ್ಲರ ಹತ್ರ ಬೈಸ್ಕೊಳ್ಳೋದು ರೂಢಿ ಆಗ್ಬಿಟ್ಟಿದೆ.

ರಂಗನತಿಟ್ಟು_16ಎಂಎಂ
@ಕುಂದಾಪ್ರ ಲೆನ್ಸ್ ಎರಡನ್ನೂ ಟಾರ್ಚ್ ಹಾಕಿ ನೋಡಿದೆ ಸರ್, 10 ಎಂಎಂನಲ್ಲಿ ಸ್ವಲ್ಪ ಧೂಳಿದೆ ಅಷ್ಟೆ, 25 ಕ್ಲೀನ್. ಫ್ಲೇರ್ ಎರಡ್ರಲ್ಲೂ ಬಂದಿದೆ.
@ಮಿಶಿಗನ್ ಮುಂಬೈಯಿಂದ ಕೊರಿಯರ್‌ನಲ್ಲಿ ಬಂದಿದ್ದು, ದಾರೀಲಿ ಏನಾಯ್ತೋ ಗೊತ್ತಿಲ್ಲ.

ಹಳೇ_ಅಟೆಂಡರ್
ಎಕ್ಸ್‌ರೇ ಅಲ್ಲ ಬಿಡಿ. ಎಕ್ಸ್‌ರೇ ಹೊಡೆತ ರೋಲ್ ಸುತ್ತಿಟ್ಟಾಗ ಆಗೋದು, ಶಾಟ್ ಎಲ್ಲಿ ಶುರು ಎಲ್ಲಿ ಕಟ್ ಅಂತ ಅದಕ್ಕೇನು ಗೊತ್ತು? ಬಂದ್ರೆ ರೋಲ್ ಉದ್ದಕ್ಕೂ ಅಲೆ ಅಲೆಯಾಗಿ ಬರತ್ತೆ. ನಿಮ್ದು ಕ್ಯಾಮೆರಾ ತಿರುಗಿಸಿದಾಗ ಹೋಗಿ ಮತ್ತೆ ಬಂತು ಅಂದ್ರಲ್ಲ, ಅಂದ್ರೆ ಆ ಬೆಳಕು ಬಿದ್ದಿದ್ದು ಕ್ಯಾಮೆರಾ ಓಡ್ತಿರುವಾಗ್ಲೇ. ಲ್ಯಾಬ್ ಕೂಡ ಬಿಟ್ಬಿಡಿ ಪಾಪ.

ನಾನು ಗಾಂಧಿನಗರದಲ್ಲಿ ಆರಿ 2ಸಿ ಸಿನಿಮಾ ಕ್ಯಾಮೆರಾ ಇದ್ದ ಕಾಲದಲ್ಲಿ ಕ್ಯಾಮೆರಾ ಅಟೆಂಡರ್ ಆಗಿದ್ದವ್ನು. ಲೆನ್ಸಾ ಬಾಡಿನಾ ಅಂತ ಇಲ್ಲಿ ಕೂತು ಜಗಳ ಆಡೋ ಮೊದ್ಲು ಒಂದು ಕೆಲ್ಸ ಮಾಡಿ. ಸ್ಕ್ಯಾನ್ ಪಕ್ಕಕ್ಕಿಡಿ, ನೆಗೆಟಿವ್ ತರಿಸ್ಕೊಳ್ಳಿ. ಸ್ಕ್ಯಾನ್‌ನಲ್ಲಿ ಫ್ರೇಮ್ ಬಿಟ್ಟು ಹೊರಗಿಂದೆಲ್ಲ ಕತ್ತರಿಸಿರ್ತಾರೆ, ಉತ್ತರ ಇರೋದೇ ಆ ಹೊರಗಡೆ. ಲೈಟ್ ಬಾಕ್ಸ್ ಇಲ್ದಿದ್ರೆ ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪೇಜ್ ತೆಗೆದು ಅದ್ರ ಮುಂದೆ ಹಿಡೀರಿ, ಕೈಗೆ ಹತ್ತಿ ಗ್ಲೌಸ್ ಇರ್ಲಿ. ಫ್ಲೇರ್ ಇರೋ ಶಾಟ್ ಹುಡುಕಿ. ನೆಗೆಟಿವ್‌ನಲ್ಲಿ ಅದು ಕಪ್ಪಾಗಿ ಕಾಣತ್ತೆ ನೆನಪಿರ್ಲಿ. ಆ ಕಪ್ಪು ಎಲ್ಲಿಗೆ ನಿಂತಿದೆ ನೋಡಿ. ಫ್ರೇಮ್ ಲೈನ್ ದಾಟಿ ಪರ್ಫ್ (ಫಿಲ್ಮ್ ಎಳೆಯೋಕೆ ಅಂಚಲ್ಲಿರೋ) ತೂತುಗಳ ಕಡೆಗೂ ಅಂಚಿಗೂ ಹೋಗಿದ್ರೆ ಅದು ಬಾಡಿ ಒಳಗೆ ನುಗ್ಗಿದ ಬೆಳಕು: ಬಾಗಿಲು, ಮ್ಯಾಗಜಿನ್, ಲೋಡ್ ಮಾಡಿದ ಜಾಗ ಇಂಥದ್ದು. ಫ್ರೇಮಿನ ನಾಲ್ಕು ಗೋಡೆ ಒಳಗೇ ಕಟ್ ಆಗಿ ನಿಂತಿದ್ರೆ ಆ ಬೆಳಕು ಗೇಟ್ ಕಿಂಡಿ (ಫಿಲ್ಮ್ ಮೇಲೆ ಚಿತ್ರ ಬೀಳೋ ಚೌಕ) ಮೂಲಕವೇ ಬಂದಿದ್ದು. ಅದು ಲೆನ್ಸ್ ಇರ್ಬೋದು, ಪ್ರಿಸಂ ಇರ್ಬೋದು, ವ್ಯೂಫೈಂಡರ್ ಇರ್ಬೋದು. ಇದಿಷ್ಟು ಗೊತ್ತಾದ್ರೆ ಅರ್ಧ ಕ್ಯಾಮೆರಾ ಅನುಮಾನದಿಂದ ಹೊರಗೆ.

ಗ್ರೇನ್_ಗಂಗಾ
ಒಂದು ಮಾತು ಹೇಳ್ಲಾ, ಬೈಬೇಡಿ. ಈಗ ಜನ ದುಡ್ಡು ಕೊಟ್ಟು ಲೈಟ್ ಲೀಕ್ ಓವರ್‌ಲೇ ಕೊಂಡ್ಕೊಂಡು ಡಿಜಿಟಲ್ ಮೇಲೆ ಹಾಕ್ತಾರೆ, ನಿಮಗೆ ಪುಕ್ಸಟ್ಟೆ ಸಿಕ್ಕಿದೆ! ಹಾಗೇ ಬಿಡಿ, ಚೆನ್ನಾಗಿರತ್ತೆ 😄

ಹಳೇ_ಅಟೆಂಡರ್
ಬೈಯಲ್ಲ ಮೇಡಂ, ಆದ್ರೆ ಒಪ್ಪಲ್ಲ. ಬೇಕು ಅಂತ ತಂದ ಬೆಳಕೇ ಬೇರೆ, ತೂತಲ್ಲಿ ನುಗ್ಗಿದ ಬೆಳಕೇ ಬೇರೆ. ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿಯವ್ರು 1959ರ ಹಿಂದಿ ಚಿತ್ರ ಕಾಗಜ್ ಕೆ ಫೂಲ್‌ನಲ್ಲಿ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನ ಸ್ಟುಡಿಯೋ ಒಳಗೆ ತಿರುಗಿಸಿ ಆ ಬೆಳಕಿನ ಬೀಮ್ ಹೊಡೆದ್ರಲ್ಲ, ಅದು ಅಷ್ಟು ಎದ್ದು ಕಂಡಿದ್ದೇ ಸುತ್ತ ಇದ್ದ ಕಪ್ಪು ಕಪ್ಪಾಗೇ ಉಳಿದಿದ್ದಕ್ಕೆ. ಇವ್ರ ಕ್ಯಾಮೆರಾದಲ್ಲಿ ಆ ಕಪ್ಪೇ ಉಳೀತಿಲ್ಲ.

ಲಕ್ಸ್_ಲೆಕ್ಕ
ನೆಗೆಟಿವ್ ಬರೋವರೆಗೆ ಸ್ಕ್ಯಾನ್‌ನಲ್ಲೇ ನೋಡ್ಬಹುದಾದ ಎರಡು ವಿಷಯ ಕೇಳ್ತೀನಿ.

500ಟಿ ಶಾಟ್‌ಗಳಲ್ಲಿ ಫ್ಲೇರ್ ಜಾಸ್ತಿ ಇದೆಯಾ 250ಡಿಗಿಂತ? ಯಾಕೆ ಕೇಳ್ತಿದೀನಿ ಅಂದ್ರೆ, ಲೆನ್ಸ್‌ನಿಂದ ಬರೋ ಫ್ಲೇರ್ ಅಪರ್ಚರ್ ಮುಚ್ಚಿದಂಗೆ ಚಿತ್ರದ ಜೊತೇಲೇ ಕಮ್ಮಿ ಆಗತ್ತೆ, ಎರಡೂ ಒಂದೇ ದಾರೀಲಿ ಬರೋದಲ್ವಾ. ಬೇರೆ ಎಲ್ಲಿಂದಲೋ ಸೋರೋ ಬೆಳಕಿಗೆ ಅಪರ್ಚರ್ ಲೆಕ್ಕವೇ ಇಲ್ಲ. ಫಾಸ್ಟ್ ಫಿಲ್ಮ್ ಹಾಕಿ ನೀವು ಲೆನ್ಸ್ ಮುಚ್ಚಿರ್ತೀರ, ಆದ್ರೆ ಸೋರಿಕೆ ಅಷ್ಟೇ ಇರತ್ತೆ, ಫಿಲ್ಮ್ ಮಾತ್ರ ಅದನ್ನ ಜಾಸ್ತಿ ಹಿಡ್ಕೊಳತ್ತೆ. 50ಡಿಗೂ 500ಟಿಗೂ ಹೋಲಿಸಿದ್ರೆ ಮೂರು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಜಾಸ್ತಿ ವ್ಯತ್ಯಾಸ. ಸ್ಪೀಡೂ ಹಾಗೇ, ಸೆಕೆಂಡಿಗೆ 64 ಫ್ರೇಮ್‌ನಲ್ಲಿ ಸ್ಲೋ ಮೋಷನ್ ಮಾಡಿ ಅಪರ್ಚರ್ ತೆರೆದಿದ್ರೆ ಸೋರಿಕೆ 24ಕ್ಕಿಂತ ಕಮ್ಮಿ ಕಾಣ್ಬೇಕು, ಒಂದೊಂದು ಫ್ರೇಮಿಗೂ ಸಿಗೋ ಟೈಮೇ ಕಮ್ಮಿ ನೋಡಿ.

ಎರಡನೇದು ಇನ್ನೂ ಮುಖ್ಯ. 500ಟಿ ಶಾಟ್‌ನಲ್ಲಿ ಫ್ಲೇರ್ ಬಣ್ಣ ಏನು? ಬಿಳಿನಾ, ನೀಲಿನಾ?

ರಂಗನತಿಟ್ಟು_16ಎಂಎಂ
ಸರ್ ನೀವು ಕೇಳಿದ್ಮೇಲೆ ಈಗ ಮತ್ತೆ ಕೂತು ನೋಡಿದೆ. ಹೌದು, 500ಟಿನಲ್ಲಿ ಜೋರಾಗಿದೆ. ಬಣ್ಣ 250ಡಿನಲ್ಲಿ ಬಿಳಿ, 500ಟಿನಲ್ಲಿ ನೀಲಿ ನೀಲಿ ಇದೆ! ಉಳಿದ ಚಿತ್ರದ ಬಣ್ಣ ಸರಿ ಇದೆ, ಫ್ಲೇರ್ ಮಾತ್ರ ನೀಲಿ. ಸ್ಕ್ಯಾನ್ ಮಾಡಿದವ್ರ ಗ್ರೇಡಿಂಗ್ ಇರ್ಬೇಕು ಅಂದ್ಕೊಂಡು ಬಿಟ್ಟಿದ್ದೆ. 64ರಲ್ಲಿ ಮಾಡಿರೋ ಶಾಟ್ ಒಂದೇ ಇದೆ, ಅದ್ರಲ್ಲಿ ಇದೆಯೋ ಇಲ್ವೋ ಅನ್ನೋ ಹಾಗಿದೆ.

ಲಕ್ಸ್_ಲೆಕ್ಕ
ಹಾಗಾದ್ರೆ ಲೆನ್ಸ್ ಬಿಟ್ಬಿಡಿ. 500ಟಿ ಟಂಗ್‌ಸ್ಟನ್ ಸ್ಟಾಕ್, ಅದಕ್ಕೆ ಹಗಲು ಬೆಳಕು ನೇರ ಬಿದ್ರೆ ನೀಲಿ. ನೀವು 85 ಹಾಕಿದ್ದು ಲೆನ್ಸ್ ಮುಂದೆ, ಲೆನ್ಸ್ ಮೂಲಕ ಬಂದ ಎಲ್ಲ ಬೆಳಕೂ ಕಿತ್ತಳೆ ಗಾಜು ದಾಟ್ಕೊಂಡೇ ಬರ್ಬೇಕು, ಲೆನ್ಸ್ ಫ್ಲೇರ್ ಆಗಿದ್ರೂ ಅಷ್ಟೆ. ನೀಲಿ ಇದೆ ಅಂದ್ರೆ ಆ ಬೆಳಕು 85 ದಾಟಿಲ್ಲ. ಫಿಲ್ಟರ್ ಹಿಂದೆ ಎಲ್ಲಿಂದಲೋ ಬಂದಿದೆ.

ಕತ್ತಲೆಕೋಣೆ
ವಾಹ್, ಇದು ಗೊತ್ತಿರ್ಲಿಲ್ಲ. ಸ್ಟಿಲ್ ಕ್ಯಾಮೆರಾದಲ್ಲಿ ಲೈಟ್ ಲೀಕ್ ಅಂದ್ರೆ ಕೆಂಪು ಕಿತ್ತಳೆ ಅಂತ ನನ್ನ ತಲೇಲಿ ಇತ್ತು.

ಲಕ್ಸ್_ಲೆಕ್ಕ
ಅದು ಫಿಲ್ಮ್ ಹಿಂಬದಿಯಿಂದ ಬೆಳಕು ಬಿದ್ದಾಗ. ಕಲರ್ ನೆಗೆಟಿವ್‌ನಲ್ಲಿ ಕೆಂಪು ಹಿಡಿಯೋ ಪದರ ತಳದಲ್ಲಿರತ್ತೆ, ಹಿಂದಿನಿಂದ ಬಂದ್ರೆ ಮೊದ್ಲು ಅದಕ್ಕೇ ತಾಗೋದು. ಸಿನಿಮಾ ಕಲರ್ ಸ್ಟಾಕ್ ಬೆನ್ನಿಗೆ ರೆಮ್‌ಜೆಟ್ ಅಂತ ಕಪ್ಪು ಕಾರ್ಬನ್ ಪದರ ಇರ್ತಿತ್ತಲ್ಲ (2025ರಿಂದ ಕೊಡಾಕ್ ಅದನ್ನ ಬಿಡ್ತಾ ಬಂದಿದೆ), ಅದು ಇರೋ ಸ್ಟಾಕ್‌ನಲ್ಲಿ ಹಿಂದಿನ ಬೆಳಕನ್ನ ಬಹಳ ಮಟ್ಟಿಗೆ ತಡೆಯತ್ತೆ. ಹಾಗಾಗಿ ಸ್ಟಿಲ್‌ನವ್ರ ಕೆಂಪು ನಿಯಮ ಇಲ್ಲಿಗೆ ಹಾಗೇ ತರೋಕಾಗಲ್ಲ.

ಧಾರವಾಡ_ದೃಶ್ಯ
ನಡುವ ಬಾಯಿ ಹಾಕ್ತೀನಿ ಸಿಟ್ಟಾಗಬ್ಯಾಡ್ರಿ. ನನ್ನ ಹತ್ರ ಕ್ರಾಸ್ನೊಗೋರ್ಸ್ಕ್-3 ಕ್ಯಾಮೆರಾ ಐತ್ರಿ, ರಷ್ಯಾದ್ದು, ಹಿಂದಿನವ್ರು ಯಾರೋ ಗೇಟ್ ಅಗಲ ಮಾಡಿ ಸೂಪರ್ 16 (ಅಗಲ ಫ್ರೇಮು) ಮಾಡ್ಯಾರ. ಅದರಾಗೂ ಫ್ಲೇರ್ ಬರ್ತದ, ಆದ್ರ ಬ್ಯಾರೆ ಥರ. ಆಕಾಶ ಫ್ರೇಮಿನಾಗ ಇದ್ರ ಬಲಗಡೆ ಅಂಚಿಗೆ ಒಂದು ತೆಳ್ಳನ ಬೆಳ್ಳಿ ಪಟ್ಟಿ. ಇಲ್ಲೇ ಕೇಳ್ಲ್ಯೋ, ಬ್ಯಾರೆ ಥ್ರೆಡ್ ತೆಗೀಲ್ಯೋ?

ಹಳೇ_ಅಟೆಂಡರ್
ಇಲ್ಲೇ ಇರಿ ಯಜಮಾನ್ರೇ, ಇವ್ರದ್ದು ಒಂದು ದಡ ಮುಟ್ಟಿಸಿ ನಿಮ್ಮ ಕಡೆ ಬರ್ತೀನಿ.

ರಂಗನತಿಟ್ಟು_16ಎಂಎಂ
ನೆಗೆಟಿವ್ ಬಂತು! ಟ್ರೇಸಿಂಗ್ ಟೇಬಲ್ ಮೇಲೆ ಭೂತಗನ್ನಡಿ ಹಿಡ್ಕೊಂಡು ನೋಡ್ದೆ. ಫ್ಲೇರ್ ಇರೋ ಶಾಟ್‌ಗಳಲ್ಲಿ ಕಪ್ಪು ಮಸುಕು ಫ್ರೇಮ್ ಒಳಗೇ ಇದೆ, ಫ್ರೇಮ್ ಲೈನ್‌ಗಳು ಕ್ಲೀನ್, ಪರ್ಫ್ ಕಡೆನೂ ಕ್ಲೀನ್, ಗೆರೆ ಎಳೆದಂಗೆ ಕಟ್ ಆಗಿದೆ. ಆದ್ರೆ ಇನ್ನೊಂದು ಕಾಣಿಸ್ತು, ರೋಲ್ ಶುರುವಲ್ಲಿ ಅಂಚಿನಲ್ಲಿ ಕಪ್ಪು ಕಪ್ಪು ಅಲೆ ಇದೆ, ಪರ್ಫ್ ದಾಟಿ ಫ್ರೇಮ್ ಒಳಗೂ ಸ್ವಲ್ಪ ನುಗ್ಗಿದೆ, ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರತ್ತೆ, ಮುಂದೆ ಹೋಗ್ತಾ ಮಾಯ ಆಗತ್ತೆ. ಹೆದರಿಕೆ ಆಗ್ತಿದೆ, ಎರಡು ತೊಂದ್ರೆನಾ?

ಹಳೇ_ಅಟೆಂಡರ್
ಎರಡನೇದು ತೊಂದ್ರೆನೇ ಅಲ್ಲ, ಅದು ಸ್ಪೂಲ್ ಲೋಡ್ ಮಾಡಿದ ಗುರುತು. ಡೇಲೈಟ್ ಸ್ಪೂಲ್ ಅಂತ ಹೆಸರು ಇದೆಯೇ ಹೊರ್ತು ಬಿಸಿಲಲ್ಲಿ ಬಿಚ್ಚಿ ಅಂತಲ್ಲ. ತಟ್ಟೆಗೂ ಫಿಲ್ಮಿಗೂ ನಡುವೆ ಕೂದಲೆಳೆ ಸಂದಿ ಇರತ್ತೆ, ಹೊರಗಿನ ಸುತ್ತುಗಳಿಗೆ ಅಂಚಿನಿಂದ ಬೆಳಕು ಇಳಿಯತ್ತೆ. ಒಂದು ಸುತ್ತಿಗೆ ಒಂದು ಮಸುಕು, ಅದಕ್ಕೇ ಒಂದೇ ಅಂತರ. ಎಣಿಸಿ ನೋಡಿ ಬೇಕಾದ್ರೆ.

ಲಕ್ಸ್_ಲೆಕ್ಕ
ಎಣಿಸೋಕೆ ಲೆಕ್ಕ ನಾನು ಕೊಡ್ತೀನಿ 🙂 100 ಅಡಿ ತುಂಬಿದ ಸ್ಪೂಲ್‌ನಲ್ಲಿ ಹೊರಗಿನ ಸುತ್ತು ಹತ್ತಿರ ಹತ್ತಿರ 25 ಸೆಂಟಿಮೀಟರ್. 16 ಎಂಎಂನಲ್ಲಿ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ 7.6 ಮಿಲಿಮೀಟರ್. ಅಂದ್ರೆ ಸುಮಾರು 33 ಫ್ರೇಮಿಗೊಮ್ಮೆ, 24ರಲ್ಲಿ ಓಡಿಸಿದ್ರೆ ಒಂದು ಸೆಕೆಂಡ್ ಚಿಲ್ಲರೆಗೆ ಒಮ್ಮೆ ಮಿಡಿಯತ್ತೆ. ರೋಲ್ ತಿರುಳಿನ ಹತ್ರ ಅದು 13 ಫ್ರೇಮಿಗೆ ಇಳಿಯತ್ತೆ. ಅಂತರ ಹೀಗೆ ಬದಲಾಗ್ತಾ ಹೋದ್ರೆ ಕಾರಣ ಸ್ಪೂಲ್. ರೋಲ್ ಉದ್ದಕ್ಕೂ ಅಂತರ ಬದಲಾಗ್ದೇ ಇದ್ರೆ ತಿರುಗೋ ಯಾವುದೋ ಚಕ್ರದ ಕಡೆ ನೋಡ್ಬೇಕು.

ರಂಗನತಿಟ್ಟು_16ಎಂಎಂ
33, 32, 33 ಹೀಗೇ ಬರ್ತಿದೆ ಸರ್. ಸ್ಪೂಲೇ. ನದಿ ಪಕ್ಕ ಮರದ ನೆರಳಲ್ಲಿ ಹಾಕಿದ್ದು, ಇನ್ಮೇಲೆ ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗ್ ಒಳಗೇ ಹಾಕೋದು.

ಮುಖ್ಯದ್ದು ಹೇಳಿ ಈಗ. ಫ್ರೇಮ್ ಒಳಗೇ ಇದೆ, ಆದ್ರೆ ಲೆನ್ಸ್ ಅಲ್ಲ. ಹಾಗಾದ್ರೆ ಎಲ್ಲಿಂದ?

ಹಳೇ_ಅಟೆಂಡರ್
ಈ ಕ್ಯಾಮೆರಾದಲ್ಲಿ ಕನ್ನಡಿ ಶಟರ್ ಇಲ್ಲ. ಆರಿಲಿ ತಿರುಗೋ ಕನ್ನಡಿ ಬೆಳಕನ್ನ ಒಮ್ಮೆ ಫಿಲ್ಮಿಗೆ ಒಮ್ಮೆ ಕಣ್ಣಿಗೆ ಅಂತ ಪೂರ್ತಿ ಪೂರ್ತಿ ಕೊಡತ್ತೆ. ಬೋಲೆಕ್ಸ್‌ನಲ್ಲಿ ಲೆನ್ಸಿಗೂ ಶಟರ್‌ಗೂ ನಡುವೆ ಒಂದು ಪ್ರಿಸಂ ಕೂತಿದೆ, ಬಂದ ಬೆಳಕಲ್ಲಿ ಒಂದು ಪಾಲು ಯಾವಾಗ್ಲೂ ವ್ಯೂಫೈಂಡರ್‌ಗೆ, ಉಳಿದಿದ್ದು ಫಿಲ್ಮಿಗೆ. ಅದಕ್ಕೇ ನೀವು 24 ಫ್ರೇಮಿಗೆ ಮೀಟರ್‌ನಲ್ಲಿ ಶಟರ್ 1/65 ಸೆಕೆಂಡ್ ಬದಲು 1/80 ಇಟ್ಕೊಳ್ಳೋದು. ಈಗ ಪ್ರಿಸಂ ಇರೋ ಆ ಪುಟ್ಟ ಕೋಣೆಗೆ ಬೆಳಕು ಬರೋ ದಾರಿ ಎಷ್ಟಿದೆ ಎಣಿಸಿ: ಲೆನ್ಸ್ ಒಂದು. ವ್ಯೂಫೈಂಡರ್ ಐಪೀಸ್ ಒಂದು, ನೀವು ಕಣ್ಣು ತೆಗೆದ್ರೆ ಅದೂ ಕಿಟಕಿನೇ, ಹಿಂದಿನಿಂದ ಬಿಸಿಲು ನುಗ್ಗಿ ಪ್ರಿಸಂ ತಾಕಿ ಲೆನ್ಸಿನ ಹಿಂಬದಿ ಗಾಜಿಗೆ ಬಡಿದು ವಾಪಸ್ ಫಿಲ್ಮಿಗೆ ಬರತ್ತೆ. ಟರೆಟ್ ಖಾಲಿ ತೂತು ಒಂದು, ನಿಮ್ದಕ್ಕೆ ಪ್ಲಗ್ ಇದೆ. ಆಮೇಲೆ ಯಾರಿಗೂ ನೆನಪಾಗದ ನಾಲ್ಕನೇದು: ಲೆನ್ಸ್ ಹಿಂದೆ ಜೆಲಟಿನ್ ಫಿಲ್ಟರ್ (ತೆಳು ಬಣ್ಣದ ಹಾಳೆ, ಜೆಲ್) ಹಾಕೋಕೆ ಅಂತ ಟರೆಟ್ ಪಕ್ಕದಲ್ಲಿ ಒಂದು ಸಣ್ಣ ಸೀಳು ಇರತ್ತೆ. ಅದ್ರಲ್ಲಿ ಒಂದು ತೆಳು ಲೋಹದ ಹೋಲ್ಡರ್ ಇರ್ಬೇಕು. ಜೆಲ್ ಇರ್ಲಿ ಬಿಡ್ಲಿ, ಹೋಲ್ಡರ್ ಮಾತ್ರ ಯಾವಾಗ್ಲೂ ಅದರ ಜಾಗದಲ್ಲಿರ್ಬೇಕು.

ನಿಮ್ದರಲ್ಲಿ ಇದೆಯಾ?

ರಂಗನತಿಟ್ಟು_16ಎಂಎಂ
ಸೀಳು ಇದೆ. ಹೋಲ್ಡರ್ ಇಲ್ಲ. ಬರೀ ಸೀಳು, ಒಳಗೆ ಕತ್ತಲೆ. ಕ್ಯಾಮೆರಾ ಜೊತೆ ಬಂದ ಚೀಲ ಪೂರ್ತಿ ಸುರಿದು ಹುಡುಕಿದೆ, ಅದ್ರಲ್ಲೂ ಇಲ್ಲ.

ಮಿಶಿಗನ್_ಮೈಸೂರಿಗ
ಅಯ್ಯೋ ದೇವ್ರೇ 😂 ಇಷ್ಟು ಚಿಕ್ಕ ತಗಡಿಗೆ ಇಷ್ಟೆಲ್ಲಾ!

ಕುಂದಾಪ್ರ_ಕ್ಲಿಕ್ಸ್
ಸೀಳು ಇಷ್ಟು ತೆಳ್ಳಗೆ ಇರುವಾಗ ಅಷ್ಟು ಫ್ಲೇರ್ ಬರ್ಲಿಕ್ಕೆ ಸಾಧ್ಯವಾ? ನನಗೆ ಇನ್ನೂ ಪೂರ್ತಿ ನಂಬಿಕೆ ಬರ್ಲಿಲ್ಲ. ಐಪೀಸ್ ಯಾಕಾಗ್ಬಾರ್ದು?

ಹಳೇ_ಅಟೆಂಡರ್
ಒಳ್ಳೆ ಪ್ರಶ್ನೆ, ನಾನೂ ಸೀಳೇ ಅಂತ ಆಣೆ ಮಾಡಿ ಹೇಳಿಲ್ಲ. ಫಿಲ್ಮ್ ಖರ್ಚಿಲ್ದೆ ಮೊದ್ಲು ನೋಡೋಕೆ ದಾರಿ ಇದೆ. ರಾತ್ರಿ ರೂಮ್ ಲೈಟ್ ಆಫ್ ಮಾಡಿ, ಲೆನ್ಸ್ ಬಿಚ್ಚಿ, ಮೌಂಟ್ ತೂತಲ್ಲಿ ಇಣುಕಿ, ಪಕ್ಕದಲ್ಲಿ ಯಾರಾದ್ರೂ ಮೊಬೈಲ್ ಟಾರ್ಚ್ ಅನ್ನ ಸೀಳಿನ ಮೇಲೆ ಬೇರೆ ಬೇರೆ ಕೋನದಲ್ಲಿ ಆಡಿಸ್ಲಿ. ಪ್ರಿಸಂ ಹೊಳೆದ್ರೆ ಫಿಲ್ಮಿಗೂ ಹೋಗತ್ತೆ. ಹಾಗೇ ಐಪೀಸ್‌ಗೂ ಹಾಕಿ ನೋಡಿ. ಕಣ್ಣಿಗೆ ಚೂರು ಕಂಡ್ರೂ ಬಿಸಿಲಲ್ಲಿ ಅದು ಬಹಳ ಆಗತ್ತೆ, ಟಾರ್ಚ್ ಎಲ್ಲಿ ಸೂರ್ಯ ಎಲ್ಲಿ.

ಪಕ್ಕಾ ಮಾಡ್ಕೋಬೇಕು ಅಂದ್ರೆ ಫಿಲ್ಮ್ ಟೆಸ್ಟೇ. ಉಳಿದ ಚೂರು ಯಾವುದಾದ್ರೂ ಹಾಕಿ. ಲೆನ್ಸ್‌ಗೆ ಕ್ಯಾಪ್ ಹಾಕಿ ಮಧ್ಯಾಹ್ನದ ಬಿಸಿಲಿಗೆ ಹೋಗಿ. ಐಪೀಸ್, ಸೀಳು ಎರಡಕ್ಕೂ ಕಪ್ಪು ಟೇಪ್ ಹಚ್ಚಿ ಸ್ವಲ್ಪ ಓಡಿಸಿ, ಅದು ನಿಮ್ಮ ಸೊನ್ನೆ. ಆಮೇಲೆ ಐಪೀಸ್ ಮಾತ್ರ ಬಿಟ್ಟು ಓಡಿಸಿ. ಅದನ್ನ ಮುಚ್ಚಿ ಸೀಳು ಮಾತ್ರ ಬಿಟ್ಟು ಓಡಿಸಿ. ಪ್ರತಿಸಲ ಕ್ಯಾಮೆರಾನ ಬಿಸಿಲಿಗೆ ನಿಧಾನ ಒಂದು ಸುತ್ತು ತಿರುಗಿಸಿ, ಯಾವ ಕೋನದಲ್ಲಿ ಬರತ್ತೆ ಅಂತ ಗೊತ್ತಾಗ್ಲಿ. ಒಂದೊಂದರ ನಡುವೆ ಕ್ಯಾಪ್ ತೆಗೆದು ಕಾಗದದ ಮೇಲೆ ದಪ್ಪಗೆ ಬರೆದ ನಂಬರ್ ಶೂಟ್ ಮಾಡಿ, ಇಲ್ಲಾಂದ್ರೆ ಡೆವಲಪ್ ಆದ್ಮೇಲೆ ಯಾವುದು ಯಾವುದು ಅಂತ ತಲೆ ಕೆರ್ಕೋಬೇಕಾಗತ್ತೆ.

ಕತ್ತಲೆಕೋಣೆ
ಟೆಸ್ಟ್‌ಗೆ ಕಲರ್ ದಂಡ ಮಾಡ್ಬೇಡಿ. ಕಪ್ಪು ಬಿಳುಪಿನ ಕೊಡಾಕ್ ಡಬಲ್-ಎಕ್ಸ್ 7222 ಹಾಕಿ, ಮನೇಲೇ ಡಿ-76 ಡೆವಲಪರ್‌ನಲ್ಲಿ ತೊಳೀಬಹುದು, ರೆಮ್‌ಜೆಟ್ ಕಾಟ ಇಲ್ಲ. ಲೋಮೋ ಟ್ಯಾಂಕ್ (ಫಿಲ್ಮ್ ತೊಳೆಯೋ ಡಬ್ಬ) ಇದ್ರೆ ಆಯ್ತು, ಇಲ್ದಿದ್ರೆ ಕತ್ತಲೇಲಿ ಚಿಕ್ಕ ಚಿಕ್ಕ ತುಂಡು ಮಾಡಿ ಬೋಸಿನಲ್ಲೂ ಆಗತ್ತೆ, ಗೀರು ಬಿದ್ರೆ ಬೀಳ್ಲಿ, ನಮಗೆ ಬೇಕಾಗಿರೋದು ಕಪ್ಪು ಎಲ್ಲಿದೆ ಅನ್ನೋದಷ್ಟೆ. ಬೆಂಗಳೂರಲ್ಲಿದ್ರೆ ನನ್ನ ಟ್ಯಾಂಕ್ ಕೊಡ್ತೀನಿ, ಮೆಸೇಜ್ ಮಾಡಿ.

ರಂಗನತಿಟ್ಟು_16ಎಂಎಂ
ತುಂಬಾ ಥ್ಯಾಂಕ್ಸ್ ಸರ್, ಮೆಸೇಜ್ ಮಾಡಿದೀನಿ. ಟಾರ್ಚ್ ಟೆಸ್ಟ್ ನಿನ್ನೆ ರಾತ್ರಿನೇ ಆಯ್ತು, ತಂಗಿ ಟಾರ್ಚ್ ಹಿಡಿದ್ಲು. ಸೀಳಿಗೆ ನೇರ ಹಿಡಿದಾಗ ಏನೂ ಇಲ್ಲ, ಓರೆ ಮಾಡಿ ಒಂದು ಕೋನಕ್ಕೆ ಬಂದ ತಕ್ಷಣ ಪ್ರಿಸಂ ಅಂಚು ಬೆಳ್ಳಗೆ ಹೊಳೀತು. ಐಪೀಸ್‌ಗೆ ಹಿಡಿದಾಗ್ಲೂ ಸ್ವಲ್ಪ ಕಾಣತ್ತೆ.

ಹಳೇ_ಅಟೆಂಡರ್
ಆ ಓರೆ ಕೋನ ಇದೆಯಲ್ಲ, ಅದೇ ನಿಮ್ಮ ಪ್ಯಾನ್ ಶಾಟ್. ಬಿಸಿಲು ಸೀಳಿನ ಸಾಲಿಗೆ ಬಂದಾಗ ಫ್ಲೇರ್, ದಾಟಿದಾಗ ಇಲ್ಲ.

@ಧಾರವಾಡ ಈಗ ನಿಮ್ದು. ಆ ಪಟ್ಟಿ ಸೂರ್ಯನ ದಿಕ್ಕಿಗೆ ಬದಲಾಗತ್ತಾ, ಇಲ್ಲ ಫ್ರೇಮಿನಲ್ಲಿ ಬೆಳ್ಳಗಿರೋದು ಇದ್ದಾಗೆಲ್ಲ ಬರತ್ತಾ? ಎಲ್ಲ ಲೆನ್ಸ್‌ನಲ್ಲೂ ಬರತ್ತಾ?

ಧಾರವಾಡ_ದೃಶ್ಯ
ಸೂರ್ಯಂದು ಸಂಬಂಧ ಇಲ್ರಿ. ಆಕಾಶ ಇಲ್ಲಾ ಬಿಳಿ ಗ್ವಾಡಿ ಇದ್ರ ಬರ್ತದ. ಕ್ಯಾಮೆರಾ ಜೋಡಿ ಬಂದ ಮೀಟಿಯೊರ್ ಝೂಮ್‌ನಾಗೂ ಬರ್ತದ, ಎಂ42 ಪ್ರೈಮ್ (ಝೂಮ್ ಇಲ್ಲದ ಲೆನ್ಸ್) ಹಾಕಿದ್ರೂ ಬರ್ತದ. ನೆಗೆಟಿವ್ ನೋಡೀನ್ರಿ ನೀವು ಹೇಳಿದ ಮ್ಯಾಲೆ, ಫ್ರೇಮಿನ ಒಳಗs ಐತಿ, ಅಗಲ ಮಾಡಿದ ಕಡೆ ಅಂಚಿಗೆ ಅಂಟಿಕೊಂಡಂಗ. ಇನ್ನೊಂದು, ರಾತ್ರಿ ಶೂಟ್‌ನಾಗ ಬೀದಿ ದೀಪದ ಮ್ಯಾಲೆ ಉದ್ದನ ಗೆರಿ ಬರ್ತಾವ, ಮ್ಯಾಲಕ್ಕ ಎಳದಂಗ.

ಹಳೇ_ಅಟೆಂಡರ್
ಪಟ್ಟಿ ಗೇಟಿಂದು, ನನಗೆ ಅನುಮಾನ ಇಲ್ಲ. ಅರದಿಂದ ಗೇಟ್ ಉಜ್ಜಿ ಅಗಲ ಮಾಡಿದಾಗ ಕಪ್ಪು ಲೇಪ ಹೋಗಿ ಬರೀ ಲೋಹ ಕಾಣತ್ತೆ, ಆ ಅಂಚು ಕನ್ನಡಿ ಥರ ಆಕಾಶನ ಪಕ್ಕಕ್ಕೆ ಎರಚತ್ತೆ. ಬಾಗಿಲು ತೆಗೆದು, ಫಿಲ್ಮ್ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್ ತೆಗೆದು ಓರೆಯಲ್ಲಿ ಟಾರ್ಚ್ ಹಾಕಿ ನೋಡಿ, ಪಳಪಳ ಅಂದ್ರೆ ಅದೇ. ಮ್ಯಾಟ್ ಕಪ್ಪು ತೆಳ್ಳಗೆ, ಬಹಳ ತೆಳ್ಳಗೆ, ಕಿಂಡಿಯ ಒಳ ಅಂಚಿಗೆ ಮಾತ್ರ. ಫಿಲ್ಮ್ ತಾಗೋ ಹಳಿಗಳಿಗೆ ಒಂದು ಹನಿ ಕೂಡ ಬೀಳ್ಬಾರ್ದು. ದಪ್ಪ ಹಚ್ಚಿದ್ರೆ ನಾಳೆ ಸಿಪ್ಪೆ ಎದ್ದು ಗೇಟಿನಲ್ಲಿ ಕೂದಲು ಥರ ಕಾಣತ್ತೆ, ಇಲ್ಲ ಫಿಲ್ಮ್ ಗೀರತ್ತೆ. ಮಾರ್ಕರ್ ಪೆನ್ ಬೇಡ, ಒಣಗಿದ್ಮೇಲೆ ಅದೂ ಹೊಳೀತದೆ.

ಲಕ್ಸ್_ಲೆಕ್ಕ
ಬೀದಿ ದೀಪದ ಗೆರೆ ಫ್ಲೇರೇ ಅಲ್ಲ. ಶಟರ್ ತೆರೆದಿರುವಾಗ ಫಿಲ್ಮ್ ಚಲಿಸ್ತಿದೆ, ಟ್ರಾವೆಲ್ ಗೋಸ್ಟ್ ಅಂತಾರಲ್ಲ ಅದು. ಫಿಲ್ಮ್ ಕೆಳಗೆ ಇಳಿಯತ್ತೆ, ಅದರ ಮೇಲೆ ಚಿತ್ರ ತಲೆಕೆಳಗಾಗಿರತ್ತೆ, ಎರಡನ್ನೂ ಸೇರಿಸಿ ಯೋಚ್ನೆ ಮಾಡಿದ್ರೆ ಪರದೆ ಮೇಲೆ ಗೆರೆ ಮೇಲಕ್ಕೆ ಇದ್ರೆ ಫಿಲ್ಮ್ ನಿಲ್ಲೋ ಮುಂಚೆನೇ ಶಟರ್ ತೆರೀತಿದೆ. ಕೆಳಕ್ಕಿದ್ರೆ ಶಟರ್ ಮುಚ್ಚೋ ಮುಂಚೆ ಫಿಲ್ಮ್ ಹೊರಟಿದೆ. ನಿಮ್ದು ಮೇಲಕ್ಕೆ, ಅಂದ್ರೆ ಶಟರ್ ಮತ್ತು ಫಿಲ್ಮ್ ಎಳೆಯೋ ಪಂಜದ ಹೊಂದಾಣಿಕೆ ಜರುಗಿದೆ. ಹಗಲು ಶಾಟ್‌ನಲ್ಲೂ ಇದೆ ಆದ್ರೆ ಹಿನ್ನೆಲೆ ಕಪ್ಪಿಲ್ದೆ ಕಾಣ್ತಿಲ್ಲ ಅಷ್ಟೆ.

ಧಾರವಾಡ_ದೃಶ್ಯ
ಅದನ್ನ ನಾನs ಬಿಚ್ಚಿ ಸರಿ ಮಾಡಬಹುದೇನ್ರಿ?

ಹಳೇ_ಅಟೆಂಡರ್
ಗೇಟಿಗೆ ಬಣ್ಣ ನೀವೇ ಹಚ್ಚಿ. ಶಟರ್ ಟೈಮಿಂಗ್ ಮುಟ್ಬೇಡಿ, ಅದು ಗೇರ್ ಹಲ್ಲುಗಳ ಲೆಕ್ಕ, ಒಂದು ಹಲ್ಲು ತಪ್ಪಿದ್ರೆ ಇನ್ನೂ ಕೆಡತ್ತೆ. ಸ್ಪ್ರಿಂಗ್ ಇರೋ ಕ್ಯಾಮೆರಾ ಬಿಚ್ಚೋದೂ ಅಪಾಯ, ಸುತ್ತಿದ ಸ್ಪ್ರಿಂಗ್ ಕೈ ಬೆರಳು ಸೀಳತ್ತೆ. ಮಾಡಿ ಗೊತ್ತಿರೋ ರಿಪೇರಿಯವ್ರಿಗೇ ಕೊಡಿ. ಅಲ್ಲಿವರೆಗೆ ಹಗಲು ಶೂಟ್‌ಗೆ ಇಟ್ಕೊಳ್ಳಿ.

ರಂಗನತಿಟ್ಟು_16ಎಂಎಂ
ಟೆಸ್ಟ್ ರಿಸಲ್ಟ್ ಬಂತು ಎಲ್ರಿಗೂ! @ಕತ್ತಲೆಕೋಣೆ ಸರ್ ಮನೇಲೇ ತೊಳೆದ್ವಿ, ಕಾಫಿ ತಿಂಡಿ ಬೇರೆ ಕೊಟ್ರು. ಎಲ್ಲ ಮುಚ್ಚಿದ್ದು: ಪೂರ್ತಿ ಪಾರದರ್ಶಕ, ಏನೂ ಇಲ್ಲ, ಬಾಗಿಲು ಗಟ್ಟಿ ಇದೆ ಅಂತಾಯ್ತು. ಐಪೀಸ್ ತೆರೆದಿದ್ದು: ಸೂರ್ಯ ನೇರ ಹಿಂದೆ ಬಂದ ಕೆಲವು ಫ್ರೇಮ್‌ಗಳಲ್ಲಿ ನಡುವೆ ತೆಳು ಮಸುಕು. ಸೀಳು ತೆರೆದಿದ್ದು: ಒಂದು ಕೋನಕ್ಕೆ ಬಂದಾಗ ಫ್ರೇಮಿನ ಅರ್ಧ ಕಪ್ಪು, ನನ್ನ ಕಿರುಚಿತ್ರದಲ್ಲಿ ಇರೋ ಅದೇ ಬದಿ, ಅದೇ ಆಕಾರ.

ಕುಂದಾಪ್ರ_ಕ್ಲಿಕ್ಸ್
ಆಯ್ತು ಮಾರಾಯ್ರೆ, ಒಪ್ಪಿದೆ 🙏 ಈಗ ಹೋಲ್ಡರ್ ಎಲ್ಲಿ ಸಿಗ್ತದೆ?

ಮಿಶಿಗನ್_ಮೈಸೂರಿಗ
ಇಲ್ಲಿ ಹಳೇ ಬಿಡಿಭಾಗ ಮಾರೋರ ಹತ್ರ ಆಗಾಗ ಬರತ್ತೆ, ಆ ಚಿಕ್ಕ ತಗಡಿಗೆ ಕೇಳೋ ರೇಟ್ ನೋಡಿದ್ರೆ ನಗು ಬರತ್ತೆ. ಸಿಕ್ರೆ ಡಿಸೆಂಬರ್‌ನಲ್ಲಿ ಬರುವಾಗ ತರ್ತೀನಿ. ಕೊಳ್ಳೋ ಮೊದ್ಲು ನಿಮ್ಮ ಮಾಡೆಲ್‌ಗೆ ಹೊಂದತ್ತಾ ಅಂತ ಸೀಳಿನ ಫೋಟೋ, ಅಳತೆ ಕಳಿಸಿ.

ಹಳೇ_ಅಟೆಂಡರ್
ಅಲ್ಲಿವರೆಗೆ ಸೀಳಿನ ಮೇಲೆ ಹೊರಗಿಂದ ಕಪ್ಪು ಪೇಪರ್ ಟೇಪ್ ಹಚ್ಚಿ, ಎರಡು ಪದರ. ಹಚ್ಚೋ ಮೊದ್ಲು ಟೇಪನ್ನ ಮೊಬೈಲ್ ಟಾರ್ಚ್ ಮೇಲೆ ಇಟ್ಟು ನೋಡಿ, ಕೆಲವು ಕಪ್ಪು ಟೇಪ್ ಹೆಸರಿಗೆ ಮಾತ್ರ ಕಪ್ಪು, ಬೆಳಕು ಆರಪಾರ ಹೋಗತ್ತೆ. ಎಲೆಕ್ಟ್ರಿಷಿಯನ್ ಟೇಪ್ ಬೇಡ, ಬಿಸಿಲಿಗೆ ಅಂಟು ಕರಗಿ ಸೀಳಿನ ಒಳಗೆ ಇಳೀತದೆ. ರಟ್ಟು ಕತ್ತರಿಸಿ ಒಳಗೆ ತುರುಕ್ತೀನಿ ಅಂತ ಹೋಗ್ಬೇಡಿ, ಹಿಂದೇನೇ ಪ್ರಿಸಂ ಇದೆ, ಗೀರಿದ್ರೆ ಅದನ್ನ ಕೊಡೋರು ಯಾರೂ ಇಲ್ಲ.

ಹೋಲ್ಡರ್ ಬಂದ್ಮೇಲೆ ಅದ್ರಲ್ಲಿ ಜೆಲ್ ಹಾಕೋ ಆಸೆ ಆಗತ್ತೆ. ಹಾಕಿದ್ರೆ ಧೂಳು ಇಲ್ದಂಗೆ ಹಾಕಿ, ಫಿಲ್ಮಿಗೆ ಅಷ್ಟು ಹತ್ರ ಇರೋದ್ರಿಂದ ಅಪರ್ಚರ್ ಮುಚ್ಚಿದಾಗ ಧೂಳು ಕಲೆಯಾಗಿ ಕಾಣತ್ತೆ. ಟ್ರೈಪಾಡ್ ಮೇಲಿಟ್ಟು ನೀವೇ ಫ್ರೇಮ್ ಒಳಗೆ ಹೋಗಿ ನಿಲ್ತೀರಲ್ಲ, ಆಗ ಐಪೀಸ್ ಮುಚ್ಚೋ ಲಿವರ್ ಹಾಕೋದು ಮರೀಬೇಡಿ.

ರಂಗನತಿಟ್ಟು_16ಎಂಎಂ
ಆಯ್ತು ಸರ್. ಈಗಾಗ್ಲೇ ಹಾಳಾಗಿರೋ ಶಾಟ್‌ಗಳನ್ನ ಗ್ರೇಡಿಂಗ್‌ನಲ್ಲಿ ಉಳಿಸ್ಬಹುದಾ?

ಗ್ರೇನ್_ಗಂಗಾ
ನಾನು ಗ್ರೇಡಿಂಗ್ ಮಾಡೋದೇ ಕೆಲ್ಸ, ಇದಕ್ಕೆ ನಾನು ಹೇಳ್ತೀನಿ. ಮೊದ್ಲು ಲ್ಯಾಬ್‌ಗೆ ಲಾಗ್ ಸ್ಕ್ಯಾನ್ (ಕಾಂಟ್ರಾಸ್ಟ್ ಏರಿಸದ್ದು) ಕೇಳಿ, ಅವ್ರು ಕಾಂಟ್ರಾಸ್ಟ್ ಏರಿಸಿ ಕೊಟ್ಟಿರೋದ್ರಲ್ಲಿ ಕೆಲ್ಸ ಆಗಲ್ಲ. ನಿಂತ ಶಾಟ್ ಆದ್ರೆ ಆ ಬದಿಗೆ ಒಂದು ಮೆತ್ತನೆ ಮಾಸ್ಕ್ ಹಾಕಿ ಕಪ್ಪನ್ನ ಕೆಳಗೆ ಎಳೆದ್ರೆ ತಕ್ಕಮಟ್ಟಿಗೆ ಬರತ್ತೆ, 500ಟಿಯಲ್ಲಿ ನೀಲಿನೂ ಅದೇ ಮಾಸ್ಕ್ ಒಳಗೆ ತೆಗೀಬಹುದು. ಫಾಗ್ (ಸೋರಿದ ಬೆಳಕಿನ ಮಸುಕು) ಪೂರ್ತಿ ನುಂಗಿರೋ ನೆರಳಲ್ಲಿ ಡೀಟೇಲ್ ಮಾತ್ರ ವಾಪಸ್ ಬರಲ್ಲ. ಪ್ಯಾನ್ ಶಾಟ್‌ನಲ್ಲಿ ಫ್ರೇಮ್ ಫ್ರೇಮಿಗೂ ಬದಲಾಗತ್ತೆ, ಅದಕ್ಕೆ ಕೂತ್ರೆ ವಾರ ಹೋಗತ್ತೆ. ಆ ಒಂದನ್ನ ಟೇಪ್ ಹಚ್ಕೊಂಡು ಹೋಗಿ ಮತ್ತೆ ಶೂಟ್ ಮಾಡಿ, ನದಿ ನೀರು ಇಳಿಯೋ ಮುಂಚೆ.